ನೀರುದೋಸೆ ಕಾವಲಿಯಲ್ಲಿ ಕ್ರೇಪ್ ಊಟ

ಆಲ್ಪ್ಸ್‌ನ ಸ್ಕೀ ರೆಸಾರ್ಟ್ ಹೋಟೆಲಿನಲ್ಲಿ ಮಧ್ಯಾಹ್ನಕ್ಕೆ ಕ್ರೇಪ್ ಎಂಬ ತೆಳು ದೋಸೆ ತಿಂದು ಬಂದವರು ಅದನ್ನು ಬೆಟ್ಟದ ಊಟ ಅಂದುಕೊಂಡಿರುತ್ತಾರೆ. ಅದರ ತವರು ಫ್ರಾನ್ಸಿನ ಪಶ್ಚಿಮ ಕರಾವಳಿಯ ಬ್ರಿಟನಿ. ಹಿಮದ ಸೀಮೆಯ ಸ್ವಂತ ಊಟ ಬೇರೆ, ಚೀಸ್ ಕರಗಿಸಿ ಮಾಡುವ ಫಾಂಡ್ಯೂ, ರಾಕ್ಲೆಟ್ ಥರದ್ದು. ಕರಾವಳಿಯ ದೋಸೆ ಘಟ್ಟ ಹತ್ತುವುದು ನಮಗೇನೂ ಹೊಸದಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋಂಸ್ಟೇ ನಡೆಸುವವರು ಮಳೆಗಾಲದಲ್ಲಿ ಈ ಊಟ ಬಡಿಸಬಹುದು. ಬೀಡಿನ ಕಾವಲಿ ಮನೆಯಲ್ಲಿ ಹೇಗೂ ಇರುತ್ತದೆ.

ಊಟದಲ್ಲಿ ಎರಡು ಬಗೆ. ಮೊದಲು ಬಕ್‌ವೀಟ್ ಹಿಟ್ಟಿನ ಖಾರದ ಗಲೆಟ್, ಆಮೇಲೆ ಮೈದಾದ ಸಿಹಿ ಕ್ರೇಪ್. ನೀರುದೋಸೆ ಹೊಯ್ದು ಪಳಗಿದ ಕೈಗೆ ಮೊದಲನೆಯದು ಸಲೀಸು, ಎರಡನೆಯದು ಕೈಕೊಡುತ್ತದೆ.

ಬಕ್‌ವೀಟ್ ಹಿಟ್ಟು ಪೇಟೆಯಲ್ಲಿ ಕುಟ್ಟು ಆಟಾ ಎಂಬ ಹೆಸರಿನಲ್ಲಿ ಸಿಗುತ್ತದೆ. 250 ಗ್ರಾಂ ಹಿಟ್ಟಿಗೆ ಒಂದು ಚಮಚ ಉಪ್ಪು, ಒಂದು ಮೊಟ್ಟೆ, ಸುಮಾರು 550 ಮಿಲಿ ನೀರು. ಕಲಸಿ ಕನಿಷ್ಠ ಎರಡು ಗಂಟೆ ಬಿಡಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ಅಕ್ಕಿಯ ಹಾಗೆ ಇದರಲ್ಲೂ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಇಲ್ಲ. ಹಿಟ್ಟು ನೀರು ಕುಡಿದು ಉಬ್ಬಿರದಿದ್ದರೆ ದೋಸೆ ಏಳುವಾಗಲೇ ಹರಿಯುತ್ತದೆ. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಬಿದ್ದ ಕೂಡಲೇ ಚುರ್ ಎಂದು ತೂತು ಬೀಳಬೇಕು. ನಡುವೆ ಒಂದು ಮೊಟ್ಟೆ ಒಡೆದು, ತುರಿದ ಚೀಸ್ ಉದುರಿಸಿ, ಬಿಳಿಭಾಗ ಗಟ್ಟಿಯಾದ ಮೇಲೆ ನಾಲ್ಕೂ ಅಂಚು ಒಳಕ್ಕೆ ಮಡಚಿ. ಹಳದಿ ಕಣ್ಣು ಕಾಣುತ್ತಿರಲಿ. ಬ್ರಿಟನಿಯಲ್ಲಿ ಇದರ ಜೊತೆ ಹಂದಿಮಾಂಸದ ಹ್ಯಾಮ್ ಇರುತ್ತದೆ, ಇಲ್ಲಿ ಅಣಬೆ ಸಾಕು. ಆದರೆ ಅಣಬೆಯ ನೀರೆಲ್ಲ ಜೋರು ಉರಿಯಲ್ಲಿ ಆರಿರಬೇಕು, ಇಲ್ಲವಾದರೆ ತಳ ತೊಯ್ದು ತಟ್ಟೆಗೆ ಬರುವಷ್ಟರಲ್ಲಿ ಕಿತ್ತುಹೋಗುತ್ತದೆ.

ಸಿಹಿಗೆ 250 ಗ್ರಾಂ ಮೈದಾ, ಮೂರು ಮೊಟ್ಟೆ, 500 ಮಿಲಿ ಹಾಲು, ಕರಗಿಸಿದ ಬೆಣ್ಣೆ 40 ಗ್ರಾಂ, ಚಿಟಿಕೆ ಉಪ್ಪು. ನಾಲ್ಕು ಜನಕ್ಕೆ ತಲಾ ಮೂರು ಬರುತ್ತವೆ. ಮೊದಲು ಅರ್ಧ ಹಾಲಿನಲ್ಲೇ ಗಂಟಿಲ್ಲದಂತೆ ಕಲಸಿ, ಉಳಿದದ್ದನ್ನು ಆಮೇಲೆ ಸೇರಿಸಿ. ಫ್ರಿಜ್ಜಿನಿಂದ ತೆಗೆದ ಹಾಲನ್ನು ಹಾಗೇ ಸುರಿದರೆ ಬೆಣ್ಣೆ ಹರಳುಗಟ್ಟುತ್ತದೆ, ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಆಷಾಢದ ಥಂಡಿಗೆ ಮೈದಾ ತೇವ ಎಳೆದುಕೊಂಡಿರುತ್ತದೆ. ಹಾಗಾಗಿ 450 ಮಿಲಿ ಹಾಕಿ ನೋಡಿ, ಹಿಟ್ಟು ಸೌಟಿನ ಬೆನ್ನಿಗೆ ತೆಳ್ಳಗೆ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಒಂದು ಗಂಟೆ ಬಿಡದೆ ಹೊಯ್ದರೆ ಕ್ರೇಪ್ ರಬ್ಬರಾಗುತ್ತದೆ, ಕಲಸುವಾಗ ಬಿಗಿದ ಗ್ಲುಟೆನ್ ಸಡಿಲವಾಗಲು ಅಷ್ಟು ಹೊತ್ತು ಬೇಕು.

ಕೈ ತಪ್ಪುವುದು ಕಾವಿನಲ್ಲಿ. ನೀರುದೋಸೆಯ ಉರಿಯಲ್ಲೇ ಹೊಯ್ದರೆ ಮೊಟ್ಟೆ, ಹಾಲು ಇರುವ ಹಿಟ್ಟು ಹರಡುವ ಮೊದಲೇ ಕಚ್ಚಿಕೊಂಡು ನಡುವೆ ದಪ್ಪವಾಗುತ್ತದೆ. ಮಧ್ಯಮ ಉರಿ ಸಾಕು. ಹತ್ತಿಂಚಿನ ಕಾವಲಿಗೆ 65 ಮಿಲಿ ಹಿಟ್ಟು ನಡುವಿಗೆ ಹಾಕಿ ಕಾವಲಿಯನ್ನೇ ಓರೆ ಮಾಡಿ ತಿರುಗಿಸಬೇಕು. ಎರಡು ಕಿವಿಯ ಭಾರದ ಬೀಡಿನ ಕಾವಲಿಯನ್ನು ಹಾಗೆ ಆಡಿಸಲಾಗದು, ಹಿಡಿಯಿರುವ ಚಪ್ಪಟೆ ತಳದ ಬಾಣಲೆ ತೊಗೊಳ್ಳಿ. ಬ್ರಿಟನಿಯವರ ಚಪ್ಪಟೆ ಕಾವಲಿಯೂ ಅಲ್ಲಾಡುವಂಥದ್ದಲ್ಲ, ಅವರು ಅಡ್ಡಪಟ್ಟಿಯಿರುವ ಮರದ ಕೋಲಿನಿಂದ ಹಿಟ್ಟು ಎಳೆಯುತ್ತಾರೆ. ಎಣ್ಣೆ ಸವರಲು ಈರುಳ್ಳಿ ಹೋಳು ಬೇಡ, ಸಿಹಿಗೆ ವಾಸನೆ ಹತ್ತುತ್ತದೆ. ಬಟ್ಟೆಗೆ ತುಪ್ಪ ಮುಟ್ಟಿಸಿ ಒರೆಸಿ. ಅಂಚು ಕೆಂಪಾಗಿ ತಾನೇ ಏಳುವುದಕ್ಕೆ ಒಂದು ನಿಮಿಷ, ಮಗುಚಿದ ಮೇಲೆ ಅರ್ಧ ನಿಮಿಷ. ಮೊದಲನೆಯದು ಸಾಮಾನ್ಯವಾಗಿ ಕೆಡುತ್ತದೆ, ಅದು ಅಡುಗೆಯವರ ಪಾಲು. ಮೊಟ್ಟೆ ಮುಟ್ಟದ ಮನೆಯ ದೋಸೆ ಕಾವಲಿಯನ್ನು ಮಾತ್ರ ಇದಕ್ಕೆ ಎಳೆಯಬೇಡಿ.

ಮೇಲೆ ಹಾಕಲು ಸಕ್ಕರೆ ಪುಡಿ, ಚಾಕೊಲೇಟ್ ಸಾಸ್ ಹುಡುಕುತ್ತ ಹೋಗುವುದೇಕೆ? ಬೆಣ್ಣೆ ಸವರಿ, ಒಂದೇ ಚಮಚ ಜೋನಿ ಬೆಲ್ಲ, ನಾಲ್ಕು ಹನಿ ನಿಂಬೆರಸ. ಬೆಲ್ಲ ಜಾಸ್ತಿಯಾದರೆ ಮಡಿಕೆಯಿಂದ ಸೋರಿ ಮೊಣಕೈವರೆಗೆ ಬರುತ್ತದೆ.

ಎಂಟು ಹತ್ತು ಜನ ಒಟ್ಟಿಗೆ ಕೂತರೆ ಎಲ್ಲರಿಗೂ ಬಿಸಿಬಿಸಿ ಹೊಯ್ದು ಪೂರೈಸಲಾಗದು. ನೀರುದೋಸೆಯನ್ನು ಬಿಸಿಯಲ್ಲಿ ಪೇರಿಸಿದರೆ ಒಂದಕ್ಕೊಂದು ಅಂಟುತ್ತದೆ, ಕ್ರೇಪ್ ಹಾಗಲ್ಲ, ಬೆಣ್ಣೆ ಇರುವುದರಿಂದ ಬಿಡಿಬಿಡಿಯಾಗಿ ಏಳುತ್ತದೆ. ಬೆಳಿಗ್ಗೆಯೇ ಮಾಡಿ ಪೇರಿಸಿ ಮುಚ್ಚಿಡಿ, ಬಡಿಸುವಾಗ ಕಾವಲಿಗೆ ಬೆಣ್ಣೆ ಹಾಕಿ ಬೆಚ್ಚಗೆ ಮಾಡಿದರಾಯಿತು. ಗಲೆಟ್‌ಗೂ ಅಷ್ಟೆ, ಮೊಟ್ಟೆ ಚೀಸ್ ಮಾತ್ರ ಆಗ ಹಾಕಬೇಕು. ಬ್ರಿಟನಿಯಲ್ಲಿ ಜೊತೆಗೆ ಸೇಬಿನ ಸೈಡರ್ ಕುಡಿಯುತ್ತಾರೆ, ಇಲ್ಲಿ ಮುರುಗಲು ಹಣ್ಣಿನ ಪಾನಕ ಕೊಡಿ, ಚೀಸಿನ ಜಿಡ್ಡಿಗೆ ಆ ಹುಳಿಯೇ ಸರಿ. ಮೈದಾ ಹಿಟ್ಟು ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ. ಗಟ್ಟಿಯಾಗಿರುತ್ತದೆ, ಎರಡು ಚಮಚ ಹಾಲು ಬೆರೆಸಿಕೊಳ್ಳಿ.