ನಕ್ಷತ್ರದ ಪಕ್ಕದ ಖಾಲಿ ಜಾಗ

ಕೋಲಾರದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರಗಳಂದು ನಾಲ್ಕಾರು ಹುಡುಗರಿಗೆ ಲಿನಕ್ಸ್ ಹೇಳಿಕೊಡುತ್ತೇನೆ. ಕಳೆದ ತಿಂಗಳು ಅವರಲ್ಲೊಬ್ಬನು ಹಳೆಯ ಲಾಗ್ ಕಡತಗಳನ್ನಷ್ಟೇ ಅಳಿಸಲು ಹೊರಟು, ಕಡತ ಅಳಿಸುವ ‘ಆರ್‌ಎಂ’ (rm) ಆದೇಶದಲ್ಲಿ ನಕ್ಷತ್ರ ಚಿಹ್ನೆಗೂ (*) ‘.ಲಾಗ್’ಗೂ ನಡುವೆ ಅರಿಯದೆ ಒಂದು ಖಾಲಿ ಜಾಗ ಬಿಟ್ಟನು. ಆದೇಶಗಳನ್ನು ಓದಿ ನಡೆಸುವ ಶೆಲ್ ಆ ಒಂಟಿ ನಕ್ಷತ್ರವನ್ನು, ಚುಕ್ಕೆಯಿಂದ ಆರಂಭವಾಗದ ಎಲ್ಲ ಹೆಸರುಗಳಾಗಿ ವಿಸ್ತರಿಸಿದ್ದರಿಂದ, ಅವನ ಪ್ರಾಜೆಕ್ಟ್ ವರದಿಯೂ ಅಳಿಸಿಹೋಯಿತು. ಆರ್‌ಎಂಗೆ ಕಸದ ಬುಟ್ಟಿಯಿಲ್ಲ.

ಇಂಥವರಿಗಾಗಿ ಆರ್‌ಎಂ ಎಂಬ ಹೆಸರಿಗೇ, ಪ್ರತಿ ಕಡತಕ್ಕೂ ಅನುಮತಿ ಕೇಳುವ ಸಣ್ಣಕ್ಷರದ ‘-ಐ’ ಆಯ್ಕೆಯನ್ನು ಏಲಿಯಾಸ್ (ಆದೇಶಕ್ಕೆ ಇಡುವ ಅಡ್ಡಹೆಸರು) ಮೂಲಕ ಅಂಟಿಸಿಡುವ ರೂಢಿಯಿದೆ. ನನಗದು ಒಪ್ಪಿಗೆಯಿಲ್ಲ. ನಲವತ್ತು ಸಲ ಕೇಳಿಸಿಕೊಂಡ ಬೆರಳು ಓದದೆಯೇ ಹೌದೆನ್ನುವ ‘ವೈ’ ಒತ್ತುವುದನ್ನು ಕಲಿಯುತ್ತದೆ. ಮೇಲಾಗಿ, ಆ ಏಲಿಯಾಸ್ ಇಲ್ಲದ ಬೇರೊಂದು ಸರ್ವರ್‌ನಲ್ಲಿ ಕುಳಿತಾಗ, ಯಂತ್ರ ಹೇಗೂ ಕೇಳುತ್ತದೆ ಎಂಬ ಭರವಸೆಯೇ ಮುಳುವಾಗುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಆರ್‌ಎಂನ ದೊಡ್ಡಕ್ಷರದ ‘-ಐ’ ವಾಸಿ: 3ಕ್ಕಿಂತ ಹೆಚ್ಚು ಕಡತಗಳಿದ್ದರೆ ಅಥವಾ ಕೋಶವನ್ನು ಒಳಗಿನದ್ದೆಲ್ಲದರ ಸಮೇತ ಅಳಿಸುವಾಗ ಮಾತ್ರ, ಅದೂ ಒಂದೇ ಸಲ, ಕೇಳುತ್ತದೆ.

ಈಗ ಹುಡುಗರು ಮೊದಲು ಆರ್‌ಎಂ ಬದಲು ಕೊಟ್ಟದ್ದನ್ನು ತೆರೆಯ ಮೇಲೆ ತೋರಿಸುವ ‘ಎಕೋ’ ಬರೆದು, ವಿಸ್ತರಿಸಿದ ಪಟ್ಟಿಯನ್ನು ಕಣ್ಣಾರೆ ನೋಡುತ್ತಾರೆ. ಬ್ಯಾಶ್ ಎಂಬ ಶೆಲ್‌ನಲ್ಲಿ ‘ನೋಕ್ಲಾಬರ್’ ಆಯ್ಕೆಯನ್ನು ಸಹ ಹಾಕಿಸಿದ್ದೇನೆ. ಆದೇಶದ ಫಲಿತವನ್ನು ಕಡತಕ್ಕೆ ಕಳಿಸುವ ಒಂಟಿ ಬಾಣದ ಗುರುತು (>), ಈಗಾಗಲೇ ಇರುವ ಕಡತವನ್ನು ಸದ್ದಿಲ್ಲದೆ ಬರಿದುಮಾಡುವುದನ್ನು ಅದು ತಡೆಯುತ್ತದೆ. ಆ ವರದಿಯ ಹಳೆಯ ಪ್ರತಿಯೊಂದು, ಪುಣ್ಯಕ್ಕೆ, ಅವನ ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು.