ಎರಡು ದಿನಕ್ಕೆ ಹೊನ್ನಾವರ ಸಾಕಾಗುತ್ತದಾ?

ಬೆಂಗಳೂರಿನಿಂದ ಕೇಳುವವರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಊರಿಗೆ ವಾಪಸ್ಸಾಗಬೇಕು. ಹೊನ್ನಾವರ ನೋಡಿ ಬರಬಹುದಾ? ಹಾಗೇ ಗೋಕರ್ಣ, ಮುರುಡೇಶ್ವರ, ಜೋಗ ಮೂರನ್ನೂ ಮುಗಿಸಬಹುದಾ?"

ಹೊನ್ನಾವರ ನೋಡಬಹುದು, ಚೆನ್ನಾಗಿಯೇ ನೋಡಬಹುದು. ಉಳಿದ ಮೂರನ್ನು ಈ ಸಲ ಬಿಡಿ. ಲೆಕ್ಕ ಹಾಕಿ ನೋಡಿ: ಹೊನ್ನಾವರದಿಂದ ಗೋಕರ್ಣಕ್ಕೆ ಸುಮಾರು 50 ಕಿ.ಮೀ., ಮುರುಡೇಶ್ವರಕ್ಕೆ 27, ಜೋಗಕ್ಕೆ 60. ಮೂರಕ್ಕೂ ಹೋಗಿ ಬರುವಷ್ಟರಲ್ಲಿ 270 ಕಿ.ಮೀ. ದಾಟುತ್ತದೆ. ಊರುಗಳ ಟ್ರಾಫಿಕ್ಕು, ಘಟ್ಟದ ತಿರುವು ಸೇರಿದರೆ ಏಳು ಗಂಟೆ ಗಾಡಿಯಲ್ಲೇ ಹೋಯಿತು. ಕೈಯಲ್ಲಿರುವ ಬೆಳಕಿನ ಹೊತ್ತೇ ಎರಡು ದಿನಕ್ಕೆ ಇಪ್ಪತ್ತು ಗಂಟೆಯ ಆಸುಪಾಸು. ಶರಾವತಿ ಸಮುದ್ರ ಸೇರುವ ಜಾಗದಲ್ಲೇ ವಾಸ್ತವ್ಯ ಮಾಡಿ, ಆ ಅಳಿವೆಯನ್ನೇ ಸರಿಯಾಗಿ ನೋಡದೆ ಬಂದವರು ಬಹಳ ಜನ.

ಇಲ್ಲಿಗೆ ಹೊರಡುವ ಮೊದಲು ನೋಡಬೇಕಾದದ್ದು ಹೋಟೆಲಿನ ಫೋಟೋ ಅಲ್ಲ, ಮನೆಯ ಗೋಡೆಯ ಕ್ಯಾಲೆಂಡರ್. ಆ ಶನಿವಾರದ ತಿಥಿ ಯಾವುದು ನೋಡಿ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಿಗ್ಗೆ 11–12ರ ಹೊತ್ತಿಗೆ ನೀರು ತುಂಬಿರುತ್ತದೆ, ಸಂಜೆ 5–6ಕ್ಕೆ ಪೂರ್ತಿ ಇಳಿದಿರುತ್ತದೆ. ಏರಿಳಿತದ ಅಂತರ ಒಂದೂವರೆ ಮೀಟರಿನ ಸುಮಾರು. ಅಷ್ಟಮಿಯ ಹೊತ್ತಿಗೆ ಇದು ತಿರುಗಾಮುರುಗಾ: ಮಧ್ಯಾಹ್ನದ ಮೊದಲು ಇಳಿತ, ಸಂಜೆ ಉಬ್ಬರ, ಅಂತರವೂ ಅರ್ಧಕ್ಕರ್ಧ ಕಡಿಮೆ. ತಿಥಿ ಅಂದಾಜಿಗೆ ಸಾಕು. ನಿಖರವಾದ ಗಂಟೆ ಬೇಕಿದ್ದರೆ ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿ ತೆಗೆದು ನೋಡಿ. ಹೊಳೆಯ ಒಳಭಾಗದಲ್ಲಿ ಅದಕ್ಕಿಂತ ಸ್ವಲ್ಪ ತಡವಾಗಿ ನೀರು ಏರುತ್ತದೆ.

ಇಷ್ಟೆಲ್ಲ ಯಾಕೆಂದರೆ ಇಲ್ಲಿನ ಮುಖ್ಯ ಜಾಗಗಳೆರಡಕ್ಕೆ ನೀರಿನ ಮಟ್ಟ ಒಂದಕ್ಕೊಂದು ವಿರುದ್ಧವಾಗಿ ಬೇಕು. ದೋಣಿಗೆ ಉಬ್ಬರ ಬೇಕು. ನೀರು ತುಂಬಿದಾಗ ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಗಳ ಒಳಗೆ ಹೋಗುತ್ತದೆ. ಇಳಿದಾಗ ಅಲ್ಲೆಲ್ಲ ಕೆಸರು, ದೋಣಿಯವರು ದೊಡ್ಡ ಹೊಳೆಯಲ್ಲೇ ಒಂದು ಸುತ್ತು ಹಾಕಿಸಿ ಬಿಡುತ್ತಾರೆ. ದುಡ್ಡು ಮಾತ್ರ ಅಷ್ಟೇ. ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡಿನ ಕಾಂಡ್ಲಾ ನಡಿಗೆ ದಾರಿಗೆ ಮಾತ್ರ ಇಳಿತವೇ ಬೇಕು. ಮರದ ಹಲಗೆಯ ಆ ದಾರಿಯಲ್ಲಿ ಉಬ್ಬರದ ಹೊತ್ತಿಗೆ ನಡೆದರೆ ಬರೀ ಹಸಿರು ಎಲೆ, ಕೆಳಗೆ ಕಲಕಿದ ನೀರು. ಇಳಿದ ಮೇಲೆ ಹೋಗಿ, ಕೈಕಂಬಿಗೆ ಒರಗಿ ಐದು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದೇ ಏಡಿ ಬಿಲದಿಂದ ಹೊರಬರುತ್ತದೆ. ಕೆಸರಿನಿಂದ ಬೆರಳುಗಳ ಹಾಗೆ ನೆಟ್ಟಗೆ ಎದ್ದಿರುವವು ಉಸಿರುಬೇರುಗಳು. ಕೆಸರಿನ ಒಳಗೆ ಗಾಳಿಯಿಲ್ಲದ್ದರಿಂದ ಬೇರೇ ಮೇಲೆ ಬಂದು ಉಸಿರಾಡುತ್ತದೆ. ಇನ್ನೊಂದು ಜಾತಿಯ ಗಿಡದಲ್ಲಿ ಎಳೆ ನುಗ್ಗೆಕಾಯಿಯಂಥದ್ದು ನೇತಾಡುತ್ತಿದ್ದರೆ ಅದು ಬರೀ ಕಾಯಿಯಲ್ಲ, ತಾಯಿಮರದ ಮೇಲೇ ಮೊಳೆತ ಸಸಿ. ಇಳಿತದಲ್ಲಿ ಬಿದ್ದರೆ ಕೆಸರಿಗೆ ನಾಟಿ ಅಲ್ಲೇ ಬೇರು ಬಿಡುತ್ತದೆ, ಉಬ್ಬರದಲ್ಲಿ ಬಿದ್ದರೆ ತೇಲಿ ಬೇರೆ ದಡ ಹುಡುಕುತ್ತದೆ. ಮಕ್ಕಳಿದ್ದರೆ ಇದನ್ನು ತಪ್ಪಿಸಲೇಬೇಡಿ.

ಹಾಗಾಗಿ ಹುಣ್ಣಿಮೆ-ಅಮಾವಾಸ್ಯೆಯ ವಾರಾಂತ್ಯವಾದರೆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ದೋಣಿ, ಸಂಜೆ ನಾಲ್ಕಕ್ಕೆ ಕಾಂಡ್ಲಾ ನಡಿಗೆ, ಅಲ್ಲಿಂದ ಸೂರ್ಯಾಸ್ತಕ್ಕೆ ಕಾಸರಕೋಡು ಕಡಲತೀರ. ಆ ಹೊತ್ತಿಗೆ ಮರಳೂ ಅಗಲವಾಗಿ ತೆರೆದಿರುತ್ತದೆ. ಅಷ್ಟಮಿಯ ವಾರವಾದರೆ ಬೆಳಿಗ್ಗೆ ನಡಿಗೆ, ಸಂಜೆ ದೋಣಿ. ದೋಣಿ ಹತ್ತುವ ಮೊದಲು ಮೂರು ಮಾತು ಕೇಳಿ: ದರ ತಲೆಗೋ ಇಡೀ ದೋಣಿಗೋ, ಎಷ್ಟು ಹೊತ್ತು, ಕಾಲುವೆಯ ಒಳಗೆ ಹೋಗುತ್ತದೋ ಇಲ್ಲವೋ. ಲೈಫ್ ಜಾಕೆಟ್ ಮಕ್ಕಳ ಅಳತೆಯದ್ದು ಇಲ್ಲದಿದ್ದರೆ ಮಕ್ಕಳನ್ನು ಹತ್ತಿಸಬೇಡಿ. ದೊಡ್ಡವರದ್ದು ನೀರಿಗೆ ಬಿದ್ದ ಕೂಡಲೇ ತಲೆಯ ಮೇಲಿಂದ ಜಾರಿಹೋಗುತ್ತದೆ.

ಈಜಲು ಕಾಸರಕೋಡು ಕಡಲತೀರವನ್ನೇ ಆರಿಸಿಕೊಳ್ಳಿ. 2020ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಎಂಟು ಕಡಲತೀರಗಳಲ್ಲಿ ಇದೂ ಒಂದು. ಗುರುತು ಹಾಕಿದ ಜಾಗದ ಒಳಗೇ ನೀರಿಗಿಳಿಯಿರಿ. ಅಳಿವೆಯ ಬಾಯಲ್ಲಿ ಮಾತ್ರ ಎಷ್ಟೇ ಶಾಂತವಾಗಿ ಕಂಡರೂ ಕಾಲಿಡಬೇಡಿ. ಇಳಿತದ ಹೊತ್ತಿಗೆ ಇಡೀ ಹೊಳೆಯ ನೀರು ಆ ಕಿರಿದಾದ ಬಾಯಿಂದಲೇ ಹೊರನುಗ್ಗುತ್ತದೆ, ಮರಳದಿಬ್ಬಗಳೂ ಜಾಗ ಬದಲಿಸುತ್ತಿರುತ್ತವೆ. ಮಂಡಿಯುದ್ದದ ನೀರು ಎರಡು ಹೆಜ್ಜೆಗೆ ಆಳವಾಗುತ್ತದೆ. ಎಲ್ಲೇ ಆಗಲಿ ಸೆಳೆತಕ್ಕೆ ಸಿಕ್ಕರೆ ಎದುರು ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಇನ್ನೊಂದು ವಿನಂತಿ: ಚಳಿಗಾಲದಲ್ಲಿ ಕಾಸರಕೋಡು ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಅಲ್ಲಿ ಟಾರ್ಚು, ಬೆಂಕಿ, ಗಾಡಿ ಬೇಡವೇ ಬೇಡ. ಬೆಳಕು ಕಂಡರೆ ತಾಯಿ ಆಮೆ ತಿರುಗಿ ಹೋಗುತ್ತದೆ, ಮರಿಗಳು ಕಡಲು ಬಿಟ್ಟು ಬೆಳಕಿನತ್ತ ತೆವಳುತ್ತವೆ.

ಭಾನುವಾರ ಬೆಳಿಗ್ಗೆ ಬೇಗ ಅಪ್ಸರಕೊಂಡಕ್ಕೆ ಹೋಗಿ. ಸಣ್ಣ ಜಲಪಾತ, ಅದರ ಬುಡದಲ್ಲಿ ಹೊಂಡ, ಗುಡ್ಡದ ಮೇಲಿನಿಂದ ಕಡಲು. ನೀರು ಮಳೆಗಾಲ ಮುಗಿದು ಡಿಸೆಂಬರ್‌ವರೆಗೆ ಚೆನ್ನ, ಫೆಬ್ರವರಿ ನಂತರ ಜಲಪಾತವನ್ನೇ ನಂಬಿ ಹೋಗಬೇಡಿ. ಮೆಟ್ಟಿಲು ಪಾಚಿಗಟ್ಟಿರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು. ಅಲ್ಲಿಂದ ಇಡಗುಂಜಿ ಗಣಪತಿ. ಮಧ್ಯಾಹ್ನ ಬಾಗಿಲು ಹಾಕುವ ಮೊದಲು, ಹನ್ನೊಂದರೊಳಗೆ ತಲುಪಿ. ಸಂಕಷ್ಟಿ ಬಿದ್ದ ದಿನವಾದರೆ ಸರದಿಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ.

ಬಸವರಾಜದುರ್ಗ ದ್ವೀಪದ ಕೋಟೆಯನ್ನೂ ಕೇಳುತ್ತಾರೆ. ದಡದಿಂದ ಕಾಣುತ್ತದೆ, ಆಸೆ ಹುಟ್ಟಿಸುತ್ತದೆ. ಆದರೆ ಟಿಕೆಟ್ ಕೊಟ್ಟು ಹತ್ತುವ ದೋಣಿ ಅಲ್ಲಿಗಿಲ್ಲ. ಅನುಮತಿ, ದೋಣಿ, ಅಲೆ ಮೂರೂ ಕೂಡಿ ಬರಬೇಕು. ಎರಡು ದಿನದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಊಟದ ವಿಷಯಕ್ಕೆ ಬಂದರೆ, ಮೀನು ತಿನ್ನುವವರು ಜೂನ್, ಜುಲೈ ಬಿಟ್ಟು ಬನ್ನಿ. ಆ ಎರಡು ತಿಂಗಳು ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ತಟ್ಟೆಗೆ ಬರುವುದು ಹೆಚ್ಚಾಗಿ ಐಸಿನ ಮೀನು. ಉಳಿದ ಕಾಲದಲ್ಲಿ "ಇವತ್ತು ಯಾವುದು ಬಂದಿದೆ?" ಎಂದು ಕೇಳಿ ತಿನ್ನಿ. ಇಲ್ಲಿ ಸಿಗಡಿಗೆ ಶೆಟ್ಲಿ, ಕಾಣೆ ಮೀನಿಗೆ ನೊಗಲಿ ಅನ್ನುತ್ತಾರೆ. ಹೊಳೆಯ ಬಳಚು (ಚಿಪ್ಪುಮೀನು) ಸಿಕ್ಕರೆ ಬಿಡಬೇಡಿ. ಊಟಕ್ಕೆ ಒಂದು ಗಂಟೆಯೊಳಗೆ ಕೂತುಬಿಡಿ. ಮೂರು ಗಂಟೆಗೆ ಹೋದರೆ ಸಾರು ತಳ ಹಿಡಿದಿರುತ್ತದೆ. ಸಸ್ಯಾಹಾರಿಗಳಿಗೆ ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಎಲ್ಲಾದರೂ ಅಪ್ಪೆಹುಳಿ ಸಿಕ್ಕರೆ ಅದೃಷ್ಟ.

ದೀಪಾವಳಿ ಕಳೆದ ಮೇಲೆ ಮೇ ತಿಂಗಳವರೆಗೆ ಸುತ್ತಲ ಊರುಗಳಲ್ಲಿ ಯಕ್ಷಗಾನ ಇರುತ್ತದೆ. 1934ರಲ್ಲಿ ಶುರುವಾದ ಕೆರೆಮನೆ ಮೇಳದ ಊರು ಗುಣವಂತೆ ಇದೇ ತಾಲ್ಲೂಕಿನದು. ಶನಿವಾರ ರಾತ್ರಿ ಆಟವಿದೆಯೇ ಎಂದು ಉಳಿದುಕೊಂಡ ಮನೆಯವರನ್ನು ಕೇಳಿ. ಬೆಳಗಿನವರೆಗೆ ಕೂತರೆ ಅಪ್ಸರಕೊಂಡ ಬಿಟ್ಟುಬಿಡಿ, ನಷ್ಟವೇನಿಲ್ಲ.

ಹೋಗಿಬರಲು ನನ್ನ ಮೊದಲ ಆಯ್ಕೆ ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಹತ್ತಿದರೆ ಬೆಳಿಗ್ಗೆ ಹೊನ್ನಾವರ, ಭಾನುವಾರ ಸಂಜೆ ಹತ್ತಿದರೆ ಸೋಮವಾರ ಬೆಳಿಗ್ಗೆ ಬೆಂಗಳೂರು. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಶುಕ್ರವಾರ ಮತ್ತು ಭಾನುವಾರದ ಟಿಕೆಟನ್ನು ಒಂದೇ ಸಲ ಮಾಡಲು ಬರುವುದಿಲ್ಲ, ಭಾನುವಾರದ್ದು ಎರಡು ದಿನ ತಡವಾಗಿ ತೆರೆಯುತ್ತದೆ. ಇದನ್ನು ಮರೆತವರೇ ಕೊನೆಗೆ ವೇಟಿಂಗ್ ಲಿಸ್ಟ್ ಹಿಡಿದು ಒದ್ದಾಡುವುದು. ತತ್ಕಾಲ್ ಹಿಂದಿನ ದಿನ ಎಸಿಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ, ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಗುಡ್ಡ ಕುಸಿದರೆ ಗಂಟೆಗಟ್ಟಲೆ ತಡ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಮವಾರವೂ ರಜೆ ಇದ್ದರೆ ಮಾತ್ರ ಹೊರಡಿ. ಆ ತಿಂಗಳುಗಳಲ್ಲಿ ದೋಣಿಯನ್ನೂ ನಂಬುವಂತಿಲ್ಲ.

ಕಾರಿನಲ್ಲಾದರೆ ಶಿವಮೊಗ್ಗ, ಸಾಗರ, ಗೇರುಸೊಪ್ಪೆ ಘಟ್ಟದ ಮೇಲೆ 450 ಕಿ.ಮೀ.ಗೂ ಹೆಚ್ಚು. ಸಾಗರದಲ್ಲೇ ಪೆಟ್ರೋಲ್ ತುಂಬಿಸಿ, ಘಟ್ಟವನ್ನು ಬೆಳಕಿನಲ್ಲೇ ಇಳಿಯಿರಿ. ನಡುವೆ ಫೋನ್ ಸಿಗ್ನಲ್ ಹೋಗುತ್ತದೆ. ಈ ದಾರಿಯಲ್ಲಿ ಬಂದವರು ಗೇರುಸೊಪ್ಪೆಯ ಕಾಡಿನ ನಡುವಿನ ಚತುರ್ಮುಖ ಬಸದಿಗೆ ಎರಡು ಗಂಟೆ ಕೊಡಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಕಟ್ಟಡ, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು.

ರೂಮು ಬುಕ್ ಮಾಡುವಾಗ ಭಾನುವಾರ ಮಧ್ಯಾಹ್ನದ ಮೇಲೆ ಬ್ಯಾಗು ಇಡಲು, ಕೈಕಾಲು ತೊಳೆಯಲು ಜಾಗ ಕೊಡುತ್ತಾರಾ ಎಂದು ಮೊದಲೇ ಕೇಳಿ. ರೈಲು ನಿಲ್ದಾಣ ಪಟ್ಟಣದ ಹೊರಗಿದೆ, ಸಂಜೆ ಆಟೋ ಹುಡುಕಬೇಕಾಗುತ್ತದೆ. ಬೆಳಿಗ್ಗೆ ಕರೆತಂದ ಆಟೋದವರ ನಂಬರ್ ಇಟ್ಟುಕೊಂಡಿದ್ದರೆ ಅವರಿಗೇ ಫೋನ್ ಮಾಡಿ, ರೈಲಿಗೆ ಒಂದು ಗಂಟೆ ಮುಂಚೆ ಬರಲು ಹೇಳಿ.