ಕುರಿಯ ಗೆಣ್ಣುಮೂಳೆ ಸೆಟ್: ಜಿಡ್ಡು ಕೊನೆಗೂ ಬಿಟ್ಟಿತು

ಶಕುನ ನೋಡಲು ಎಸೆಯುವ ಐದು ಕುರಿಮೂಳೆಯೂ ಜಿಡ್ಡಿನ ಪರೀಕ್ಷೆಯಲ್ಲಿ ಪಾಸ್. ಟಿಶ್ಯೂ ಕಾಗದದಲ್ಲಿ ಸುತ್ತಿ ಕೊಬ್ಬು ಕರಗುವಷ್ಟು ಬಿಸಿಯಲ್ಲಿ ರಾತ್ರಿಯಿಡೀ ಇಟ್ಟರೂ ಕಾಗದದ ಮೇಲೆ ಒಂದೇ ಒಂದು ಎಣ್ಣೆಚುಕ್ಕೆ ಇಲ್ಲ. ಮಾಂಸ ಬಿಡಲೆಂದು ನೀರಲ್ಲಿ ಕೊಳೆಸುವುದು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುವುದು, ವಾಸನೆಗೆ ಪಕ್ಕದ ಮನೆಯವರ ಕೈಲಿ ಬೈಸಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಪಾಠ, ಅದನ್ನು ಬಿಟ್ಟುಬಿಡೋಣ. ಇದು ಜಿಡ್ಡಿನ ಪುರಾಣ.

ಐದೇ ಯಾಕೆ ಅಂದರೆ, ಈಗಿನ ಟರ್ಕಿಯ ದಕ್ಷಿಣ ಭಾಗದಲ್ಲಿದ್ದ ಪಿಸಿಡಿಯಾ, ಲಿಸಿಯಾ, ಪ್ಯಾಂಫಿಲಿಯಾ ಸೀಮೆಗಳಲ್ಲಿ ರೋಮನ್ನರ ಕಾಲದ ಕಲ್ಲುಕಂಬಗಳ ಮೇಲೆ ಶಕುನದ ಪಟ್ಟಿಗಳನ್ನು ಕೆತ್ತಿದ್ದಾರೆ. ಐದು ಗೆಣ್ಣುಮೂಳೆ, ಅಂದರೆ ಆಸ್ಟ್ರಾಗಲಸ್, ಎಸೆದು ಬಿದ್ದ ಮುಖಗಳನ್ನು ಪಟ್ಟಿಯಲ್ಲಿ ಹುಡುಕಬೇಕು. ಮುಖಗಳು ನಾಲ್ಕು. ಉಬ್ಬಿದ ಅಗಲ ಮುಖಕ್ಕೆ 4, ತಗ್ಗಾದ ಅಗಲ ಮುಖಕ್ಕೆ 3, ಚಪ್ಪಟೆ ಕಿರುಬದಿಗೆ 1, ಗುಳಿಬಿದ್ದ ಕಿರುಬದಿಗೆ 6. 2 ಮತ್ತು 5 ಇಲ್ಲವೇ ಇಲ್ಲ. ಐದು ಮೂಳೆಗೆ ಒಟ್ಟು 56 ಬಗೆಯ ಎಸೆತ. ಗ್ರೀಕ್ ದೇವತೆಗಳನ್ನು ಆರಾಧಿಸುವ ಇಂದಿನ ಪೇಗನ್ನರಲ್ಲಿ ಕೆಲವರು ಈ ಪದ್ಧತಿಯನ್ನು ಮತ್ತೆ ಹಿಡಿದಿದ್ದಾರೆ.

ಈ ಮೂಳೆ ಹಿಂಗಾಲಿನಲ್ಲಿ ಮಾತ್ರ ಇರುತ್ತದೆ, ಕುರಿಯೊಂದಕ್ಕೆ ಎರಡೇ. ಹಾಗಾಗಿ ಐದರ ಸೆಟ್ಟಿಗೆ ಕಡಿಮೆಯೆಂದರೂ ಮೂರು ಕುರಿ ಬೇಕು. ಶಕುನ ಕೇಳಲು ಮೂರು ಜೀವ ತೆಗೆಯುವ ಮಾತೇ ಇಲ್ಲ. ಮಾಂಸಕ್ಕೆ ಕಡಿದಾಗ ಕಸದ ಡಬ್ಬಿಗೆ ಬೀಳುವ ಮೂಳೆಯನ್ನೇ ತರಬೇಕು. ಆದರೆ ಮಾಂಸದಂಗಡಿಯಲ್ಲಿ ಕಾಲನ್ನು ಮಷಿನ್ ಗರಗಸಕ್ಕೆ ಕೊಟ್ಟರೆ ಬೇಕಾದ ಮೂಳೆಯೇ ಎರಡು ಹೋಳು. ‘ಕೀಲಿಗೆ ಚಾಕು ಹಾಕಿ ಬಿಡಿಸಿ, ಮೂಳೆ ಕೊಯ್ಯಬೇಡಿ’ ಎಂದು ಮೊದಲೇ ಹೇಳಬೇಕು. ಬಲಿತ ಕುರಿಯದ್ದೇ ಆಗಬೇಕು. ಎಳೆ ಮರಿಯ ಮೂಳೆ ಸಡಿಲ, ಉಜ್ಜಿದರೆ ಮೇಲ್ಪದರವೇ ಕಿತ್ತು ಬರುತ್ತದೆ. ಹಸಿ ಮೂಳೆ ಮುಟ್ಟುವಾಗ ಕೈಗವಸು ಬೇಕೇ ಬೇಕು, ಬ್ರುಸೆಲ್ಲೋಸಿಸ್ ಎಂಬ ಸೋಂಕು ಕುರಿ-ಮೇಕೆಗಳಿಂದ ಮನುಷ್ಯರಿಗೂ ಹರಡುತ್ತದೆ.

ಆನ್‌ಲೈನ್ ಮಾರಾಟಗಾರರ ವಿಷಯ ಬಂದರೆ ಮೈ ಉರಿಯುತ್ತದೆ. ಪ್ಯಾಕೆಟ್ ಮೇಲೆ ದೊಡ್ಡದಾಗಿ ‘ನೈತಿಕ ಮೂಲ’. ಯಾವ ಪ್ರಾಣಿ, ಎಲ್ಲಿಯದು, ಹೇಗೆ ಸತ್ತಿತು ಅಂತ ಕೇಳಿದರೆ ಉತ್ತರವಿಲ್ಲ. ಒಬ್ಬ ಮಹಾನುಭಾವ ಕಳಿಸಿದ ‘ಪುರಾತನ’ ಸೆಟ್ಟಿಗೆ ಕಾಯಿಸಿದ ಸೂಜಿ ತಾಗಿಸಿದರೆ ಸೂಜಿ ಕರಗಿಸಿಕೊಂಡು ಒಳಗೇ ಹೋಯಿತು: ರೆಸಿನ್, ಅಂದರೆ ಅಚ್ಚು ಹೊಯ್ದ ಪ್ಲಾಸ್ಟಿಕ್. ಒಂದು ರೀತಿಯಲ್ಲಿ ಅದೇ ಅತಿ ನೈತಿಕ, ಯಾವ ಕುರಿಯೂ ಸತ್ತಿಲ್ಲ!

ಕಾಡಿನ ಪ್ರಾಣಿಯದ್ದಾದರೆ ‘ಬಿದ್ದದ್ದು ಸಿಕ್ಕಿತು’ ಎಂಬ ಮಾತು ನಡೆಯುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ತಾನಾಗಿ ಉದುರಿಸಿದ ಕೊಂಬನ್ನೂ ಮನೆಗೆ ತರುವಂತಿಲ್ಲ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ ನೆಲದಲ್ಲಿ ಬಿದ್ದ ಗರಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಬೇರು ಎಂದು ಮಾರುವ ‘ಹತ್ತಾ ಜೋಡಿ’ ಉಡದ ಜನನಾಂಗ. ‘ನರಿ ಕೊಂಬು’ ಎಂದು ಮಾರುವುದರ ಹಿಂದೆ ಕೊಂದ ನರಿಯೇ ಇರುತ್ತದೆ. ಇವನ್ನು ಸಂಗ್ರಹಕ್ಕೆಂದು ಕೊಂಡರೂ ಬೇಟೆಗೆ ದುಡ್ಡು ಕೊಟ್ಟಂತೆಯೇ.

ಈಗ ಜಿಡ್ಡು. ಕುದಿಸಬಾರದು, ಕುದಿಸಿದರೆ ಮೂಳೆಯನ್ನು ಹಿಡಿದಿಡುವ ಪ್ರೋಟೀನಾದ ಕೊಲ್ಯಾಜನ್ ಜೆಲಟಿನ್ ಆಗಿ ಮೂಳೆ ಸತ್ವ ಕಳೆದುಕೊಳ್ಳುತ್ತದೆ, ಕರಗಿದ ಕೊಬ್ಬು ಇನ್ನೂ ಒಳಕ್ಕೆ ಇಳಿಯುತ್ತದೆ. ಬ್ಲೀಚಿಂಗ್ ದ್ರಾವಣ ಹಾಕಲೇಬಾರದು. ಅದು ಕೊಲ್ಯಾಜನ್ನನ್ನೇ ತಿನ್ನುತ್ತದೆ, ತೊಳೆದ ಮೇಲೂ ಮೂಳೆ ಸುಣ್ಣದಂತೆ ಉದುರುತ್ತಾ ಹೋಗುತ್ತದೆ. ಉಳಿದ ದಾರಿ ಪಾತ್ರೆ ತೊಳೆಯುವ ದ್ರವ, ಬೆಚ್ಚನೆ ನೀರು, ತಾಳ್ಮೆ. ಲೀಟರಿಗೆ ಎರಡು ಚಮಚ ದ್ರವ ಸಾಕು, ನೀರು ಮಬ್ಬಾದ ಕೂಡಲೇ ಬದಲಿಸುವುದು. ಕೋಳಿ ಮೂಳೆಗೆ ಇದು ಲೀಲಾಜಾಲ. ಕುರಿಮೂಳೆಗೆ ವಾರಗಟ್ಟಲೆ ಮಾಡಿದರೂ, ಒಣಗಿದ ಮೇಲೆ ಅದೇ ಹಳದಿ, ಮೇಣದಂಥ ಕಲೆ.

ಕಾರಣ ಕೊಬ್ಬಿನಲ್ಲೇ ಇದೆ. ಕುರಿಯ ಕೊಬ್ಬು ಕರಗುವುದೇ ಸುಮಾರು 44ರಿಂದ 50 ಡಿಗ್ರಿಯಲ್ಲಿ. ನೀರು ಬೆಚ್ಚಗಿಡಲು ಹಾಕುವ ಅಕ್ವೇರಿಯಂ ಹೀಟರಿನ ಗರಿಷ್ಠ 34. ಅಷ್ಟರಲ್ಲಿ ಕೊಬ್ಬು ಗಟ್ಟಿಯಾಗಿಯೇ ಕೂತಿರುತ್ತದೆ, ಸೋಪು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತದೆ ಅಷ್ಟೆ. ಹೊರಗಿನಿಂದ ಎಸ್‌ಟಿಸಿ-1000 ಎಂಬ ತಾಪ ನಿಯಂತ್ರಕ ಜೋಡಿಸಿ 48ಕ್ಕೆ ಇಟ್ಟರೂ ಫಲವಿಲ್ಲ, ಹೀಟರಿನ ಒಳಗಿನ ಥರ್ಮೋಸ್ಟಾಟ್ ತಾನೇ ಕರೆಂಟು ಕಡಿಯುತ್ತದೆ. ನಿಧಾನ ಕುಕ್ಕರಿನ ‘ವಾರ್ಮ್’ ಕೂಡ 60 ದಾಟುತ್ತದೆ, ಅಷ್ಟು ಬಿಸಿಯಲ್ಲಿ ದಿನಗಟ್ಟಲೆ ಇಟ್ಟರೆ ನಿಧಾನವಾಗಿ ಕುದಿಸಿದಂತೆಯೇ.

ಕೆಲಸ ಮಾಡಿದ್ದು ಎರಡು ಪಾತ್ರೆಯ ಏರ್ಪಾಡು. ಹೊರಗಿನ ದೊಡ್ಡ ಪಾತ್ರೆಯಲ್ಲಿ ಬರೀ ನೀರು, ಅದಕ್ಕೆ ಸೂ ವೀಡ್ ಕಡ್ಡಿ (ನೀರನ್ನು ಒಂದೇ ಬಿಸಿಯಲ್ಲಿಟ್ಟು ಪಂಪಿನಿಂದ ತಿರುಗಿಸುವ ಅಡುಗೆ ಸಾಧನ), 48 ಡಿಗ್ರಿ. ಒಳಗೆ ಗಾಜಿನ ಜಾಡಿ, ಅದರಲ್ಲಿ ಮೂಳೆ ಮತ್ತು ಸೋಪುನೀರು. ಕಡ್ಡಿಯನ್ನು ನೇರ ಸೋಪುನೀರಿಗೆ ಇಳಿಸಿದರೆ ನೊರೆ ಮತ್ತು ಕೊಬ್ಬು ಪಂಪಿಗೆ ಸುತ್ತಿಕೊಳ್ಳುತ್ತದೆ, ದುಬಾರಿ ಸಾಮಾನು ಗೋತಾ. ಜಾಡಿಗೆ ಮುಚ್ಚಳ ಹಾಕಿದರೆ ನೀರು ಆರುವುದಿಲ್ಲ. ನೀರು ಬದಲಿಸುವಾಗ ಹೊಸ ನೀರನ್ನೂ ಅಷ್ಟೇ ಬಿಸಿ ಮಾಡಿಕೊಂಡೇ ಹಾಕಬೇಕು, ತಣ್ಣೀರು ತಾಗಿದರೆ ಹೊರಬರುತ್ತಿದ್ದ ಕೊಬ್ಬು ರಂಧ್ರದಲ್ಲೇ ಹೆಪ್ಪುಗಟ್ಟುತ್ತದೆ. ಮೇಲೆ ತೇಲುವ ಬಿಳಿ ಪದರ ಕಂಡಾಗ ಆಗುವ ಸಂತೋಷ ಹಾಲಿನ ಕೆನೆ ನೋಡಿದಾಗಲೂ ಆಗದು.

ಕಣ್ಣಳತೆ ನಂಬಬೇಡಿ, ಒದ್ದೆ ಮೂಳೆ ಯಾವಾಗಲೂ ಶುದ್ಧವಾಗಿಯೇ ಕಾಣುತ್ತದೆ. ನೆರಳಲ್ಲಿ ವಾರ ಒಣಗಿಸಿ, 0.01 ಗ್ರಾಂ ತೂಗುವ ಅಕ್ಕಸಾಲಿ ತಕ್ಕಡಿಯಲ್ಲಿ ತೂಗಿ. ಇನ್ನೊಂದು ಸುತ್ತಿನ ನಂತರ ಒಣಗಿಸಿ ತೂಗಿದಾಗಲೂ ಅದೇ ತೂಕ ಬಂದರೆ ಮುಗಿಯಿತು. ಹಟಮಾರಿ ಮೂಳೆಯೊಂದಕ್ಕೆ ಕೊನೆಗೆ ಅಸಿಟೋನ್ ಬೇಕಾಯಿತು: ಪೂರ್ತಿ ಒಣಗಿದ ಮೂಳೆ, ಗಾಜಿನ ಜಾಡಿ, ಲೋಹದ ಮುಚ್ಚಳ, ಮನೆಯ ಹೊರಗೆ, ಹತ್ತಿರ ಬೆಂಕಿ ಬೇಡ. ಹಳದಿಯಾದ ಅಸಿಟೋನನ್ನು ಸಿಂಕಿಗೆ ಸುರಿಯಬೇಡಿ.

ಬಿಳುಪಿಗೆ ಔಷಧಿ ಅಂಗಡಿಯ 20 ವಾಲ್ಯೂಮ್ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಅದು ಸುಮಾರು 6 ಪ್ರತಿಶತ, ಸಮ ನೀರು ಬೆರೆಸಿದರೆ 3. ಮುಚ್ಚಳ ಬಿಗಿ ಮಾಡಬಾರದು, ಆಮ್ಲಜನಕ ತುಂಬಿಕೊಂಡು ಜಾಡಿ ಸಿಡಿಯುತ್ತದೆ. ಪೆರಾಕ್ಸೈಡ್ ಜಿಡ್ಡು ತೆಗೆಯುವುದಿಲ್ಲ, ಬರೀ ಮುಚ್ಚಿಹಾಕುತ್ತದೆ. ಕಲೆ ಆರು ತಿಂಗಳಿಗೆ ಮರಳಿ ಬರುವುದು ಇದಕ್ಕೇ.

ಮಧ್ಯೆ ತಲೆಗೆ ಹೊಕ್ಕ ಹುಳ: ಮುಂದಿನದು ಮೀನಿನ ಕಿವಿಗಲ್ಲು, ಅಂದರೆ ತಲೆಯೊಳಗಿರುವ ಪುಟ್ಟ ಕಲ್ಲು. ಕರಾವಳಿಯ ಕಲ್ಲೂರು ಮೀನಿನ ಜಾತಿಯಲ್ಲಿ ಅವು ದೊಡ್ಡವು, ತಲೆ ಹೇಗೂ ಸಾರಿಗೆ ಹೋಗುತ್ತದೆ. ಅದು ಮೂಳೆಯಲ್ಲ, ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಒಳಗೆ ಮಜ್ಜೆಯಿಲ್ಲ, ಜಿಡ್ಡಿನ ಕಾಟವಿಲ್ಲ! ವಿನೆಗರ್, ನಿಂಬೆರಸ ಮಾತ್ರ ತಾಗಿಸಬಾರದು, ಕರಗಿಹೋಗುತ್ತದೆ.

ಈ ಸೆಟ್ಟಿಗೆ ಇನ್ನು ಬಾಕಿ ಇರುವುದು ಎಸೆದು ಲೆಕ್ಕ ಹಾಕುವುದು. 3 ಮತ್ತು 4 ತಲಾ ಸುಮಾರು ಹತ್ತಕ್ಕೆ ನಾಲ್ಕು ಸಲ, 1 ಮತ್ತು 6 ತಲಾ ಹತ್ತಕ್ಕೆ ಒಂದು ಸಲ ಬರಬೇಕು. ಕಿರುಬದಿಯನ್ನು ಉಜ್ಜುಕಾಗದದಲ್ಲಿ ಸಮಮಾಡಿದರೆ ಈ ಪ್ರಮಾಣ ಕೆಡುತ್ತದೆ, ಆಮೇಲೆ 56ರ ಪಟ್ಟಿಯಲ್ಲಿ ಅಪರೂಪಕ್ಕೆ ಬರಬೇಕಾದ ಉತ್ತರವೇ ಪದೇ ಪದೇ ಬರುತ್ತದೆ. ಹಾಗಾಗಿ ಉಜ್ಜುಕಾಗದ ಡಬ್ಬಿಯಲ್ಲೇ ಇರಲಿ, ಪ್ರತಿ ಮೂಳೆಯನ್ನೂ ಬೇರೆ ಬೇರೆ ನೂರು ಸಲ ಎಸೆದು ಬರೆದುಕೊಳ್ಳುವುದೇ ಸರಿ.